ನೂರು ಕೆಜಿ ಮೀನಿಗೋಸ್ಕರ ಕ್ರಾಬಿಗೆ ಹೋಗ್ಬಹುದಾ? ನಾಲ್ಕು ದಿನ ಕೆರೆ ದಡದಲ್ಲಿ ಕೂತು ಬಂದೋನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ರೆಸಾರ್ಟ್ ಹೆಸ್ರು ಹಾಕಲ್ಲ. ಬರೀ ಹೊಗಳೋದಿದ್ದಿದ್ರೆ ಹಾಕ್ತಿದ್ದೆ, ಆದ್ರೆ ಕೊನೇ ದಿನ ಬಿಲ್ ಕೌಂಟರ್ ಹತ್ರ ಆದ ಕಿರಿಕ್ಕೂ ಬರೀಬೇಕು, ಹೆಸ್ರು ಹಾಕಿ ಬೈದ್ರೆ ನಾಳೆ ಅವ್ರು ಒಂದು ನಾನೊಂದು ಅಂತ ಶುರುವಾಗತ್ತೆ, ಯಾರಿಗ್ ಬೇಕು ಆ ತಲೆನೋವು. ಜಾಗ ಮಾತ್ರ ಹೇಳ್ತೀನಿ. ದಕ್ಷಿಣ ಥಾಯ್ಲೆಂಡಿನ ಕ್ರಾಬಿ, ಬೀಚ್ ಕಡೆ ಅಲ್ಲ, ಅದಕ್ಕೆ ಬೆನ್ನು ಹಾಕಿ ಒಳಗಡೆ ಹೋಗ್ಬೇಕು, ಸುತ್ತ ರಬ್ಬರ್ ತೋಟ, ತಾಳೆ ಎಣ್ಣೆ ತೋಟ, ಹಿಂದುಗಡೆ ಯಾರೋ ಕಡಿದು ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿರೋ ಸುಣ್ಣಕಲ್ಲಿನ ಗುಡ್ಡಗಳು, ಮಧ್ಯೆ ಒಂದು ತೋಡಿದ ಕೆರೆ, ಕೆರೆ ಸುತ್ತ ಬಂಗಲೆಗಳು. ನಿಮ್ಮ ಬಂಗಲೆ ಬಾಗಿಲಿಂದ ನೀರಿಗೆ ಹತ್ತು ಹೆಜ್ಜೆ.

ಹೋಗಿದ್ದು ಮೂರು ಜನ. ನಾನು, ನಮ್ಮನೇವ್ಳು, ನಮ್ಮಕ್ಕನ ಗಂಡ. ಗಾಳದ ಹುಚ್ಚು ನಿಜ್ವಾಗ್ಲೂ ಇರೋದು ಭಾವನಿಗೆ, ನನಗೆ ಅವ್ರ ಜೊತೆ ಸೇರಿ ಅಂಟಿದ್ದು. ನಮ್ಮನೇವ್ಳು ಬಂದಿದ್ದು ಸ್ವಿಮ್ಮಿಂಗ್ ಪೂಲ್ ಫೋಟೋ ನೋಡಿ, ಆ ಫೋಟೋ ವಿಷ್ಯ ಆಮೇಲೆ ಬರ್ತೀನಿ.

ಕೆರೆ ಒಳಗೆ ಏನೇನಿದೆ ಅಂದ್ರೆ ಅದೇ ಒಂದು ದೊಡ್ಡ ಕಥೆ. ಅಮೆಜಾನಿನ ಅರಪೈಮಾ, ಬ್ರೆಜಿಲ್‌ನೋರು ಪಿರರುಕು ಅಂತಾರಲ್ಲ ಅದು. ಅದೇ ಕಡೆಯ ಕೆಂಪು ಬಾಲದ ಕ್ಯಾಟ್‌ಫಿಶ್, ಪಾಕು. ಅಮೆರಿಕದ ಟೆಕ್ಸಾಸ್ ಕಡೆಯ ಅಲಿಗೇಟರ್ ಗಾರ್, ಮೊಸಳೆ ಮೂತಿಯದ್ದು. ಇವೆಲ್ಲ ಹೊರಗಿಂದ ಬಂದ ನೆಂಟರು. ಊರಿನ ಮಕ್ಕಳು ಅಂದ್ರೆ ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್, ಥಾಯ್ ಜನ ಪ್ಲಾ ಬುಕ್ ಅಂತಾರೆ, ಮತ್ತೆ ಸಯಾಮೀಸ್ ಕಾರ್ಪ್, ಅಂಗೈಯಷ್ಟು ಅಗಲದ ಹುರುಪೆ, ದೇಹದ ಮೂರನೇ ಒಂದು ಭಾಗ ತಲೇನೇ ಅನ್ನೋ ಹಾಗಿರೋ ಮೀನು. ಒಂದೇ ಕೆರೆಯಲ್ಲಿ ಮೂರು ಖಂಡದ ಮೀನು. ಚೆನ್ನಾಗಿದೆ ಅನ್ಸತ್ತೆ, ಸ್ವಲ್ಪ ಹೊತ್ತು ಬಿಟ್ಟು ಯೋಚ್ನೆ ಮಾಡಿದ್ರೆ ಸರಿನಾ ಇದು ಅಂತಾನೂ ಅನ್ಸತ್ತೆ. ಅದಕ್ಕೂ ಬರ್ತೀನಿ.

ಮೊದಲ್ನೇ ದಿನ ಏನೂ ಸಿಗ್ಲಿಲ್ಲ. ಸ್ಟಾಕ್ ಮಾಡಿರೋ ಕೆರೆ, ಅಂದ್ರೆ ಮೀನು ತಂದು ಬಿಟ್ಟಿರೋ ಕೆರೆ ತಾನೆ, ಗಾಳ ಹಾಕಿದ್ರೆ ಬಂದ್ ಕಚ್ಚತ್ತೆ ಅನ್ಕೊಂಡು ಹೋಗೋರಿಗೆ ಹೇಳ್ತಿದ್ದೀನಿ, ಅದು ತಪ್ಪು. ಈ ಮೀನುಗಳು ವರ್ಷಗಟ್ಟಲೆ ಗಾಳ ನೋಡಿರೋವು, ಎಷ್ಟೋ ಸಲ ಸಿಕ್ಕಿ ಬಿಡಿಸ್ಕೊಂಡಿರೋವು, ನನಗಿಂತ ಅವಕ್ಕೇ ಈ ಆಟ ಚೆನ್ನಾಗಿ ಗೊತ್ತು. ಹನ್ನೊಂದು ಗಂಟೆ ಹೊತ್ತು ಎರಡು ರಾಡ್ ನೋಡ್ಕೊಂಡು ಕೂತಿದ್ದು, ಒಂದು ಸಲ ಬೈಟ್ ಅಲಾರಂ (ಲೈನು ಎಳೆದ್ರೆ ಕೂಗೋ ಡಬ್ಬಿ) ಕುಯ್ ಅಂತು, ಓಡಿ ಹೋದ್ರೆ ಆಮೆ. ಭಾವ ಒಬ್ರೇ ಖುಷಿಯಾಗಿದ್ರು. "ಲೋ, ಮೀನು ಸಿಗ್ದೇ ಇರೋ ದಿನಾನೂ ಗಾಳದ ಲೆಕ್ಕಕ್ಕೇ ಬರತ್ತೆ ಕಣೋ" ಅಂದ್ರು. ನಾನು ಮನಸ್ಸಲ್ಲೇ ಆ ದಿನದ ಚಾರ್ಜು ಲೆಕ್ಕ ಹಾಕ್ತಿದ್ದೆ.

ಗೈಡ್ ವಿಷ್ಯ ಹೇಳ್ಲೇಬೇಕು, ಯಾಕಂದ್ರೆ ಈ ರಿವ್ಯೂನಲ್ಲಿ ಐದಕ್ಕೆ ಐದು ಸ್ಟಾರ್ ಇರೋದು ಅವ್ರಿಗೊಬ್ರಿಗೇ. ಐವತ್ತರ ಹತ್ರದ ಥಾಯ್ ಮನುಷ್ಯ, ಇಂಗ್ಲಿಷ್ ಅಷ್ಟಕ್ಕಷ್ಟೇ, ನಾವೂ ಅಷ್ಟಕ್ಕಷ್ಟೇ ಆದ್ದರಿಂದ ಮಾತುಕತೆ ಸಲೀಸಾಗಿತ್ತು. ಬೆಳಿಗ್ಗೆ ಆರಕ್ಕೆ ಬಂದು ದೊಡ್ಡ ಟಬ್ಬಲ್ಲಿ ಬ್ರೆಡ್ ಪುಡಿ, ಅಕ್ಕಿ ತೌಡು, ಒಂದಿಷ್ಟು ನೀರು ಹಾಕಿ ಕಲೆಸೋರು. ರೊಟ್ಟಿ ಹಿಟ್ಟು ನಾದೋ ಹದ ಅಲ್ಲ, ಪುಟ್ಟು ಮಾಡೋ ಹದ, ಹಿಡಿದ್ರೆ ಉಂಡೆ ಕಟ್ಟಬೇಕು, ಅದುಮಿದ್ರೆ ಉದುರಬೇಕು. ಅದನ್ನ ಸ್ಪ್ರಿಂಗ್ ಸುತ್ತ ಕಿತ್ತಳೆ ಹಣ್ಣಿನಷ್ಟು ದಪ್ಪ ಉಂಡೆ ಮಾಡಿ ಕಟ್ಟಿ, ಗಾಳದ ಕೊಕ್ಕೆನ ಪಕ್ಕದಲ್ಲಿ ಬಿಟ್ಟು ಎಸೀತಾರೆ. ಉಂಡೆ ತಳಕ್ಕೆ ಹೋಗಿ ಮೆಲ್ಲಗೆ ಕರಗಿ ಮೋಡದ ಥರ ಹರಡತ್ತೆ. ಪ್ಲಾ ಬುಕ್ಕಿಗೂ ಸಯಾಮೀಸ್ ಕಾರ್ಪಿಗೂ ಇದೇ ಊಟ. ಅಷ್ಟು ದೊಡ್ಡ ಮೀನು, ಆದ್ರೆ ಬೆಳೆದ ಪ್ಲಾ ಬುಕ್ಕಿಗೆ ಹಲ್ಲೇ ಇರಲ್ಲ, ನದಿಯಲ್ಲಿ ಪಾಚಿ ತಿನ್ಕೊಂಡು ಇನ್ನೂರು ಕೆಜಿ ದಾಟತ್ತೆ. ಅರಪೈಮಾ, ಕೆಂಪು ಬಾಲದ್ದು ಇವಕ್ಕೆ ಮಾತ್ರ ಸತ್ತ ಮೀನಿನ ತುಂಡು.

ಗೈಡ್ ಒಂದೊಂದು ಎಸೆತಕ್ಕೂ ಹಿಟ್ಟಿನ ಹದ ಬದಲಾಯಿಸೋರು. ಬಿಸಿಲು ಏರಿದ ಹಾಗೆ ಸ್ವಲ್ಪ ಒಣಗಿಸೋರು, ಮಳೆ ಬಂದ್ರೆ ಗಟ್ಟಿ. ನಾನು ಕಟ್ಟಿದ ಉಂಡೆ ಗಾಳಿಯಲ್ಲೇ ಒಡೆದು ನಮ್ಮ ತಲೆ ಮೇಲೇ ಬಿತ್ತು, ಅವ್ರು ನಗ್ಲಿಲ್ಲ, ಹಿಂದೆ ತಿರುಗಿ ನಿಂತ್ಕೊಂಡ್ರು, ಭುಜ ಕುಣೀತಿತ್ತು.

ಎರಡನೇ ದಿನ ಮಧ್ಯಾಹ್ನ ಭಾವನ ರಾಡಿಗೆ ಪ್ಲಾ ಬುಕ್ ಬಿತ್ತು. ಅಲಾರಂ ಕುಯ್ ಕುಯ್ ಅಲ್ಲ, ಒಂದೇ ಉಸಿರಿಗೆ ಕುಯ್ಯೋ ಅಂತ, ರೀಲಿನಿಂದ ಲೈನು ಹೋಗೋ ಸ್ಪೀಡ್ ನೋಡಿದ್ರೆ ಆ ಕಡೆ ಯಾರೋ ಬೈಕಿಗೆ ಕಟ್ಕೊಂಡು ಹೋಗ್ತಿದ್ದಾರೆ ಅನ್ಬೇಕು. ಈ ಮೀನು ಎಗರಲ್ಲ, ತಲೆ ಒದರಲ್ಲ, ಸುಮ್ನೆ ಹೋಗತ್ತೆ. ನೀವು ಡ್ರ್ಯಾಗ್, ಅಂದ್ರೆ ರೀಲಿನ ಬ್ರೇಕು, ಬಿಗಿ ಮಾಡಿದ್ರೂ ಹೋಗತ್ತೆ. ಭಾವ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಐವತ್ತು ನಿಮಿಷ ಎಳೆದ್ರು, ಇಪ್ಪತ್ತು ಮೀಟರ್ ತಂದ್ರೆ ಅದು ಮೂವತ್ತು ಮೀಟರ್ ವಾಪಸ್ ತಗೊಂಡು ಹೋಗೋದು, ಮಧ್ಯೆ ನಾನು ಬಾಯಿಗೆ ನೀರಿನ ಬಾಟ್ಲಿ ಹಿಡೀತಿದ್ದೆ, ಅವ್ರ ತೊಡೆ ನಡುಗ್ತಿತ್ತು. ಕೊನೆಗೆ ದಡದ ಹತ್ರ ಬೂದಿ ಬಣ್ಣದ ಬೆನ್ನು ಕಾಣಿಸ್ತು, ಎಮ್ಮೆ ನೀರಲ್ಲಿ ಮಲಗಿದ್ರೆ ಹೇಗ್ ಕಾಣತ್ತೆ ಹಾಗೆ. ಗೈಡ್ ನೀರಿಗಿಳಿದು ಬಲೆಯ ತೊಟ್ಟಿಲು ಹಿಡಿದು ಒಳಗೆ ತಗೊಂಡ್ರು. ಎಪ್ಪತ್ತು ಎಂಬತ್ತು ಕೆಜಿ ಇರಬಹುದು ಅಂದ್ರು, ತೂಕ ಹಾಕ್ಲಿಲ್ಲ, ಹಾಕೋಕೆ ನೀರಿಂದ ಎತ್ಬೇಕು ಅದಕ್ಕೆ ಬೇಡ ಅಂದ್ರು. ಅಲ್ಲೇ ನನಗೆ ಈ ಮನುಷ್ಯ ಇಷ್ಟ ಆಗಿದ್ದು.

ಮೀನಿನ ತುಟಿ ಹತ್ರ ಹಳೇ ಗಾಯದ ಗುರುತು ಇತ್ತು. ಇದಕ್ಕೆ ನಮಗಿಂತ ಜಾಸ್ತಿ ಫೋಟೋ ಸೆಷನ್ ಆಗಿದೆ ಅಂತ ಭಾವನೇ ಅಂದ್ರು.

ಪ್ಲಾ ಬುಕ್ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. 2005ರಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಮೆಕಾಂಗ್ ನದಿಯಲ್ಲಿ ಬೆಸ್ತರಿಗೆ 293 ಕೆಜಿಯ ಒಂದು ಸಿಕ್ಕಿತ್ತು, ಉದ್ದ 2.7 ಮೀಟರ್, ಮರಿ ಮಾಡಿಸೋಕೆ ಉಳಿಸ್ಕೋಬೇಕು ಅಂತಿದ್ರು, ಬದುಕ್ಲಿಲ್ಲ, ಊರವರು ಹಂಚ್ಕೊಂಡು ತಿಂದ್ರು. 2022ರಲ್ಲಿ ಕಾಂಬೋಡಿಯಾದಲ್ಲಿ ಅದೇ ನದಿಯಲ್ಲಿ 300 ಕೆಜಿಯ ತೊರಕೆ ಮೀನು ಸಿಗೋವರೆಗೂ ಬರೀ ಸಿಹಿನೀರಲ್ಲೇ ಬದುಕೋ ಮೀನುಗಳಲ್ಲಿ ದಾಖಲೆಯಾದ ಅತಿ ದೊಡ್ಡದು ಅಂದ್ರೆ ಇದೇ. ಆ ತೊರಕೆನ ಮಾತ್ರ ಟ್ಯಾಗ್ ಹಾಕಿ ವಾಪಸ್ ನೀರಿಗೆ ಬಿಟ್ರು. ಈಗ ನದಿಯಲ್ಲಿ ಪ್ಲಾ ಬುಕ್ ಅಳಿವಿನ ಅಂಚಿಗೆ ಬಂದು ನಿಂತಿದೆ, ಅಣೆಕಟ್ಟು, ಅತಿಯಾದ ಮೀನುಗಾರಿಕೆ ಎರಡೂ ಸೇರಿ. ಆದ್ರೆ 1983ರಲ್ಲಿ ಥಾಯ್ ಮೀನುಗಾರಿಕೆ ಇಲಾಖೆಯೋರು ನದಿ ಮೀನಿನಿಂದ ಮೊಟ್ಟೆ ತೆಗೆದು ಮರಿ ಮಾಡೋದು ಕಲಿತ್ರು, ಆ ಸಂತಾನ ಕೆರೆ ಕೆರೆಗೂ ಹೋಯ್ತು. ಬ್ಯಾಂಕಾಕಿನ ಬುಂಗ್ ಸಾಮ್ರಾನ್ ಕೆರೆ ಹೆಸರು ಮಾಡಿದ್ದೇ ಈ ಮೀನಿಂದ. ಹುಟ್ಟಿದ ನದಿಯಲ್ಲಿ ಹುಡುಕಿದ್ರೂ ಸಿಗದ ಮೀನು, ದುಡ್ಡು ಕೊಟ್ರೆ ಕೆರೆಯಲ್ಲಿ ಬಂದು ನಿಮ್ಮ ತೊಡೆ ನಡುಗಿಸತ್ತೆ. ಭಾವನಿಗೆ ಇದನ್ನ ರಾತ್ರಿ ಊಟದ ಹೊತ್ತಿಗೆ ಹೇಳ್ದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ ಅವ್ರು.

ಮೂರನೇ ದಿನ ನಂದು. ಅರಪೈಮಾ.

ಈ ಮೀನು ಇದೆ ಅಂತ ಕೆರೆ ದಡದಲ್ಲಿ ಕೂತೋರಿಗೆ ಕಿವಿಯಲ್ಲೇ ಗೊತ್ತಾಗತ್ತೆ. ಬೇರೆ ಮೀನಿನ ಹಾಗೆ ಕಿವಿರಿನಲ್ಲಿ ಉಸಿರಾಡಿದ್ರೆ ಇದಕ್ಕೆ ಸಾಲಲ್ಲ, ಹತ್ತು ಇಪ್ಪತ್ತು ನಿಮಿಷಕ್ಕೊಂದ್ ಸಲ ಮೇಲೆ ಬಂದು ಗಾಳಿ ನುಂಗ್ಲೇಬೇಕು. ಗುಳುಂ ಅಂತ ಒಂದು ಸದ್ದು, ಕೊಡ ಬಾವಿಗೆ ಬಿದ್ದ ಹಾಗೆ, ರಾತ್ರಿ ಬಂಗಲೆಯಲ್ಲಿ ಮಲಗಿದ್ರೂ ಕೇಳ್ಸತ್ತೆ. ನಮ್ಮನೇವ್ಳು ಮೊದಲ್ನೇ ರಾತ್ರಿ "ರೀ, ಯಾರೋ ಕೆರೆಗೆ ಕಲ್ಲು ಹಾಕ್ತಿದ್ದಾರೆ ನೋಡ್ರಿ" ಅಂತ ಎಬ್ಬಿಸಿದ್ಲು.

ಬೆಳಿಗ್ಗೆ ಏಳೂವರೆಗೆ ಕಚ್ತು. ಪ್ಲಾ ಬುಕ್ ಥರ ಓಡಲ್ಲ ಇದು, ಒಂದು ಕ್ಷಣ ಏನೂ ಇಲ್ಲ, ಕಲ್ಲಿಗೆ ಸಿಕ್ಕೊಂಡಿದೆ ಅನ್ಕೊಳ್ತೀರ, ಆಮೇಲೆ ನೀರು ಒಡೆದು ಆಳುದ್ದಕ್ಕಿಂತ ದೊಡ್ಡದೊಂದು ದೇಹ ಎದ್ದು ಪಕ್ಕಕ್ಕೆ ಬೀಳತ್ತೆ, ಬಾಲದ ಕಡೆ ಪೂರ್ತಿ ಕುಂಕುಮ ಬಳಿದ ಹಾಗೆ ಕೆಂಪು. ಬಾಯಿ ಒಳಗೆಲ್ಲ ಮೂಳೆ, ನಾಲಿಗೆಯೂ ಮೂಳೆ, ಕೊಕ್ಕೆ ಸರಿಯಾಗಿ ಕೂತಿರಲ್ಲ, ಒಂದ್ ಸಲ ತಲೆ ಒದರಿದ್ರೆ ಕಳಚ್ಕೊಂಡು ಹೋಗತ್ತೆ, ಅದ್ರಲ್ಲೂ ಇಲ್ಲಿ ಮುಳ್ಳಿಲ್ಲದ ಕೊಕ್ಕೆ ಮಾತ್ರ ಬಿಡೋದು. ಎರಡ್ ಸಲ ಎಗರ್ತು, ಎರಡ್ ಸಲಾನೂ ಗೈಡ್ ಲೈನ್ ಸಡಿಲ ಬಿಡಬೇಡ ಅಂತ ಕಿರುಚಿದ್ರು. ಹದಿನೈದು ನಿಮಿಷ ಇರಬಹುದು ಅಷ್ಟೇ.

ನಾನು ಈ ದುಡ್ಡು ಕೊಟ್ಟಿದ್ದು ವ್ಯರ್ಥ ಅಲ್ಲ ಅಂತ ಅನ್ಸಿದ್ದು ಅದಾದ ಮೇಲಿನ ಭಾಗದಲ್ಲಿ. ಮೀನು ದಡಕ್ಕೆ ಬಂತು, ದೊಡ್ಡ ಬಲೆಯ ಪಂಜರದೊಳಗೆ ಬಿಟ್ರು, ನಾನು ಕ್ಯಾಮೆರಾ ಕ್ಯಾಮೆರಾ ಅಂತ ಭಾವನ ಕಡೆ ಕೈ ಬೀಸ್ತಿದ್ದೀನಿ, ಗೈಡ್ ಅಂಗೈ ತೋರಿಸಿ ತಡಿ ಅಂದ್ರು. ಸುಸ್ತಾದ ಅರಪೈಮಾಗೆ ಮೇಲೆ ಬಂದು ಉಸಿರು ತಗೊಳೋಕೆ ಶಕ್ತಿ ಇರಲ್ಲ, ಅದು ಉಸಿರು ತಗೊಳ್ಲಿಲ್ಲ ಅಂದ್ರೆ ನೀರಲ್ಲೇ ಮುಳುಗಿ ಸಾಯತ್ತೆ, ಮೀನು! ಅವ್ರು ಎದೆಮಟ್ಟ ನೀರಲ್ಲಿ ನಿಂತು ಅದರ ಹೊಟ್ಟೆ ಕೆಳಗೆ ಎರಡೂ ಕೈ ಕೊಟ್ಟು ನೆಟ್ಟಗೆ ಹಿಡ್ಕೊಂಡ್ರು. ನನ್ನನ್ನೂ ಕರೆದ್ರು. ಇಳಿದೆ. ಕೈ ಕೆಳಗೆ ಆ ಹುರುಪೆ, ಹೆಂಚಿನ ಸಾಲು ಮುಟ್ಟಿದ ಹಾಗೆ, ಅದರೊಳಗೆ ನಿಧಾನಕ್ಕೆ ಏನೋ ಮಿಡೀತಿದೆ. ಒಂದ್ ನಿಮಿಷ, ಎರಡ್ ನಿಮಿಷ, ಏನಿಲ್ಲ. ಗೈಡ್ ಮುಖದಲ್ಲಿ ನಗು ಇರ್ಲಿಲ್ಲ. ನಾನು ಸಾಯಿಸ್ಬಿಟ್ನಾ ಅಂತ ಹೊಟ್ಟೆ ತೊಳಸಿದ ಹಾಗಾಯ್ತು, ಫೋಟೋ ಗೀಟೋ ಎಲ್ಲ ಮರ್ತೇಹೋಯ್ತು. ಆಮೇಲೆ ತಲೆ ಸ್ವಲ್ಪ ಎತ್ತಿ, ಬಾಯಿ ತೆಗೆದು, ನನ್ನ ಮುಖದಿಂದ ಒಂದಡಿ ದೂರದಲ್ಲಿ ಗುಳುಂ. ಬಾಯಿ ವಾಸನೆ ಹಸಿ ಕೆಸರು. ಗೈಡ್ ಥಾಯ್ ಭಾಷೆಯಲ್ಲಿ ಮೀನಿಗೇ ಏನೋ ಹೇಳಿದ್ರು. ಎರಡನೇ ಸಲ ಉಸಿರು ತಗೊಂಡ ಮೇಲೆ ನನ್ನ ಕಡೆ ತಿರುಗಿ "ಓಕೆ ಬಾಸ್, ಫೋಟೋ" ಅಂದ್ರು.

ಫೋಟೋಗೂ ನೀರಿಂದ ಎತ್ತೋ ಹಾಗಿಲ್ಲ. ಅಷ್ಟು ತೂಕದ ಮೀನನ್ನ ಎತ್ತಿದ್ರೆ ಅದರ ತೂಕಕ್ಕೇ ಒಳಗಿನ ಅಂಗಗಳು ಜಖಂ ಆಗತ್ತೆ. ಇಂಟರ್ನೆಟ್ಟಲ್ಲಿ ನಾಲ್ಕು ಜನ ಹೆಣ ಹೊತ್ತ ಹಾಗೆ ಅರಪೈಮಾ ಎತ್ಕೊಂಡು ನಿಂತಿರೋ ಫೋಟೋ ನೋಡಿರ್ತೀರ, ಅಂಥ ಜಾಗಕ್ಕೆ ಹೋಗ್ಬೇಡಿ. ಬುಕ್ ಮಾಡೋ ಮುಂಚೆ ಅವ್ರ ಗ್ಯಾಲರಿ ನೋಡಿ, ಮೀನು ಎಲ್ಲ ಫೋಟೋದಲ್ಲೂ ನೀರಲ್ಲಿದ್ಯಾ, ಮರಳ ಮೇಲೆ ಸಿಮೆಂಟ್ ಮೇಲೆ ಬಿದ್ದಿದ್ಯಾ, ಅಷ್ಟು ನೋಡಿದ್ರೆ ರೆಸಾರ್ಟ್ ಎಂಥದ್ದು ಅಂತ ಗೊತ್ತಾಗತ್ತೆ, ಸ್ಟಾರ್ ರೇಟಿಂಗ್ ಬೇಕಾಗಿಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಕೆಂಪು ಬಾಲದ ಕ್ಯಾಟ್‌ಫಿಶ್ ಮೂರು ಸಿಕ್ತು, ದಡಕ್ಕೆ ಬಂದ ಮೇಲೆ ಗೊರ್ ಗೊರ್ ಅಂತ ಗೊಣಗತ್ತೆ, ನಮ್ಮನೇವ್ಳಿಗೆ ಇದೇ ಇಷ್ಟ ಆಗಿದ್ದು. ಪಾಕು ಎರಡು, ಅದರ ಹಲ್ಲು ಮನುಷ್ಯರ ಹಲ್ಲಿನ ಥರಾನೇ, ಬಾಯಿ ತೆಗೆದಾಗ ದೂರದ ಸಂಬಂಧಿಕರೊಬ್ರು ನೆನಪಾದ್ರು, ಯಾರು ಅಂತ ಹೇಳಲ್ಲ. ಸಯಾಮೀಸ್ ಕಾರ್ಪ್ ಸಿಗ್ಲಿಲ್ಲ. ಭಾವ ಹೋಗಿದ್ದೇ ಅದಕ್ಕೆ, ನಾಲ್ಕೂ ದಿನ ಒಂದು ರಾಡ್ ಅದಕ್ಕೇ ಅಂತ ಮೀಸಲಿಟ್ಟಿದ್ರು.

ಇನ್ನು ಬೈಗುಳ. ನಾವು ಹೋಗಿದ್ದು ಸೆಪ್ಟೆಂಬರಲ್ಲಿ. ಕ್ರಾಬಿ ಕಡೆ ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ, ರೂಮ್ ರೇಟ್ ಕಮ್ಮಿ ಅಂತ ನಾವೇ ಆರಿಸ್ಕೊಂಡಿದ್ದು, ಅದಕ್ಕೆ ರೆಸಾರ್ಟ್‌ನ ಬೈಯೋ ಹಾಗಿಲ್ಲ. ಗುಡುಗು ಶುರುವಾದ್ರೆ ರಾಡ್ ಎಲ್ಲ ಕೆಳಗಿಟ್ಟು ಒಳಗೆ ಹೋಗ್ಬೇಕು, ಕಾರ್ಬನ್ ರಾಡು ಅಂದ್ರೆ ಮಿಂಚನ್ನ ಕೈ ಬೀಸಿ ಕರೆದ ಹಾಗೆ. ಸರಿ. ಆದ್ರೆ ಎರಡು ಸಂಜೆ ಹೀಗೆ ಮೂರು ಮೂರು ಗಂಟೆ ಹೋಯ್ತು, ಆ ಟೈಮು ಬೆಳಿಗ್ಗೆ ಬೇಗ ಶುರು ಮಾಡಿ ಸರಿದೂಗಿಸ್ತೀವಿ ಅಂದ್ರು ರಿಸೆಪ್ಶನ್ನಲ್ಲಿ, ಬೆಳಿಗ್ಗೆ ಕೇಳಿದ್ರೆ ಹಾಗೆ ಹೇಳೇ ಇಲ್ಲ ಅಂದ್ರು.

ಸ್ವಿಮ್ಮಿಂಗ್ ಪೂಲ್. ವೆಬ್‌ಸೈಟಲ್ಲಿ ನೀಲಿ, ಹೋದಾಗ ಹಸಿರು. ಪಂಪ್ ರಿಪೇರಿಯಂತೆ. ಇದರಲ್ಲೂ ಏನಾದ್ರೂ ಸ್ಟಾಕ್ ಮಾಡಿದ್ದಾರಾ ಕೇಳಿ ಅಂದ್ಲು ನಮ್ಮನೇವ್ಳು. ಗಾಳ ಹಾಕದೇ ಇರೋರಿಗೆ ಆ ಜಾಗದಲ್ಲಿ ಬೇರೆ ಏನೂ ಇಲ್ಲ, ಆವೋ ನಾಂಗ್ ಬೀಚಿಗೆ ಹೋಗೋಕೆ ಟ್ಯಾಕ್ಸಿಗೆ ಅವ್ರು ಹೇಳಿದ್ದೇ ರೇಟು. ಒಂದ್ ದಿನ ಹೋಗ್ಬಂದ್ಲು, ಉಳಿದ ದಿನ ಅಡಿಗೆಮನೆಯೋರ ಜೊತೆ ದೋಸ್ತಿ ಮಾಡ್ಕೊಂಡು ಪಪ್ಪಾಯ ಸಲಾಡ್ ಕುಟ್ಟೋದು ಕಲಿತ್ಲು. ಊಟ ಚೆನ್ನಾಗಿತ್ತು, ಖಾರ ಅಂತ ಹೇಳಿದ್ರೆ ನಿಜವಾದ ಖಾರ ಹಾಕ್ತಾರೆ, ಸಸ್ಯಾಹಾರಿಗಳಾದ್ರೆ ಫಿಶ್ ಸಾಸ್ ಬೇಡ ಅಂತ ಒಂದೊಂದ್ ಸಲಾನೂ ಬಿಡಿಸಿ ಹೇಳ್ಬೇಕು, ಇಲ್ದಿದ್ರೆ ತರಕಾರಿ ಪಲ್ಯಕ್ಕೂ ಬಿದ್ದಿರತ್ತೆ.

ಬಿಲ್ಲು. ಪ್ಯಾಕೇಜಲ್ಲಿ ರಾಡು ರೀಲು ಗೈಡು ಎಲ್ಲ ಸೇರಿದೆ ಅಂತ ಮೇಲ್ ಬಂದಿತ್ತು. ಚೆಕ್ ಔಟ್ ಮಾಡುವಾಗ ಎರೆಗೆ ಬೇರೆ, ಒಬ್ಬೊಬ್ಬರಿಗೆ ದಿನಕ್ಕೆ 500 ಬಾಹ್ತ್, ಇಬ್ಬರಿಗೆ ನಾಲ್ಕು ದಿನಕ್ಕೆ 4,000. ತೌಡು ಮತ್ತು ಬ್ರೆಡ್ ಪುಡಿಗೆ! ಮೇಲ್ ತೋರಿಸಿದ್ರೆ ಅದರಲ್ಲಿ ಎರೆ ಅಂತ ಬರ್ದಿಲ್ವಲ್ಲ ಸರ್ ಅಂತಾರೆ. ಬರ್ದಿಲ್ಲ ನಿಜ, ಹೋಟೆಲಲ್ಲಿ ಊಟಕ್ಕೆ ದುಡ್ಡು ತಗೊಂಡು ಎಲೆಗೆ ಬೇರೆ ಅಂದ ಹಾಗಾಯ್ತು. ಅರ್ಧ ಗಂಟೆ ವಾದ ಮಾಡಿ ಅರ್ಧ ಕಡಿಮೆ ಮಾಡಿದ್ರು, ಅಂದ್ರೆ ಅವ್ರಿಗೂ ಗೊತ್ತಿತ್ತು ಅಂತ ಅರ್ಥ. ಹೋಗೋರು ಮೊದ್ಲೇ ಮೇಲಲ್ಲಿ ಎರೆ, ಟಿಪ್ಸ್, ಏರ್‌ಪೋರ್ಟ್ ಪಿಕಪ್ ಮೂರನ್ನೂ ಹೆಸರು ಹಿಡಿದು ಕೇಳಿ ಬರೆಸ್ಕೊಳ್ಳಿ. ಗೈಡಿಗೆ ಟಿಪ್ಸ್ ಮಾತ್ರ ಕೈಗೇ ಕೊಡಿ, ಬಿಲ್ಲಿಗೆ ಸೇರಿಸ್ಬೇಡಿ. ನಾವು ಹಾಗೇ ಕೊಟ್ವಿ.

ಈಗ ಆ ಮೂರು ಖಂಡದ ವಿಷ್ಯ. ಅಷ್ಟು ಮಳೆ ಬೀಳೋ ಊರಲ್ಲಿ ಅಮೆಜಾನಿನ ಬೇಟೆಗಾರ ಮೀನು ಕೆರೆಯಲ್ಲಿ ಇಟ್ಕೊಂಡಿದ್ದಾರೆ, ಕೆರೆ ಏರಿ ಮೇಲೆ ನೀರು ಹರಿದ್ರೆ ಅವು ಹೊಳೆಗೆ ಹೋಗ್ಬಹುದು, ಹೋದ್ರೆ ಅಲ್ಲಿನ ಮೀನುಗಳ ಗತಿ ಏನು? ಅರಪೈಮಾ ಬೇರೆ ಮೀನು ಹಿಡಿದು ತಿನ್ನೋ ಮೀನು. ಅಲಿಗೇಟರ್ ಗಾರ್ ಅಂತೂ ಜಪಾನಲ್ಲಿ 2018ರಿಂದ ಪರ್ಮಿಷನ್ ಇಲ್ದೆ ಸಾಕೋ ಹಾಗೇ ಇಲ್ಲ, ಸಾಕಿದೋರು ನದಿಗೆ ಬಿಟ್ಟು ಬಿಟ್ಟು ತೊಂದ್ರೆ ಆಗಿ. ಗೈಡನ್ನ ಕೇಳ್ದೆ. ದಡದ ಸುತ್ತ ಬೇಲಿ ಥರ ಹಾಕಿರೋ ಎತ್ತರದ ಬಲೆ ತೋರಿಸಿದ್ರು, ನೀರು ಹೊರಗೆ ಹೋಗೋ ತೂಬಿಗೆ ಹಾಕಿರೋ ಕಬ್ಬಿಣದ ಜಾಲರಿ ತೋರಿಸಿದ್ರು. ಜಾಲರಿ ಗಟ್ಟಿಯಾಗೇ ಇತ್ತು. ಬಲೆಯಲ್ಲಿ ಒಂದ್ ಕಡೆ ನಾಯಿ ನುಗ್ಗುವಷ್ಟು ತೂತಿತ್ತು, ಅವ್ರೂ ನೋಡಿದ್ರು, ನಾನೂ ನೋಡ್ದೆ. ಸಂಜೆ ಹೊತ್ತಿಗೆ ಅವ್ರೇ ದಾರ ತಗೊಂಡು ಕೂತು ಹೊಲೀತಿದ್ರು. ರೆಸಾರ್ಟ್‌ನ ಕೆಲಸ ಅದು, ಗೈಡ್ ಮಾಡ್ತಿದ್ದಾರೆ.

ಹಾಗಾದ್ರೆ ಹೋಗ್ಬಹುದಾ? ಕಾಡು ನದಿಯಲ್ಲಿ ಗಾಳ ಹಾಕಿದೋರಿಗೆ ಇದು ಸ್ವಲ್ಪ ಸಪ್ಪೆ ಅನ್ಸಬಹುದು, ಭಾವನೇ ಹೇಳಿದ್ರು, ಮೀನು ಎಲ್ಲಿದೆ ಅಂತ ಹುಡುಕೋ ಮಜಾ ಇಲ್ಲ, ಇದೆ ಅಂತ ಗೊತ್ತಿದ್ದು ಕಾಯೋದು ಬೇರೆ ಥರ ಅಂತ. ನನ್ನ ಥರ ಅರೆಬರೆ ಗಾಳದೋರಿಗೆ, ಆ ಸೈಜಿನ ಜೀವವನ್ನ ಒಂದ್ ಸಲ ಕೈಯಲ್ಲಿ ಹಿಡೀಬೇಕು ಅನ್ನೋರಿಗೆ ಹೋಗಿ ಅಂತೀನಿ. ಮೂರು ದಿನಕ್ಕಿಂತ ಕಮ್ಮಿ ಬುಕ್ ಮಾಡ್ಬೇಡಿ, ಒಂದು ದಿನ ಮಳೆಗೆ ಒಂದು ದಿನ ಆಮೆಗೆ ಅಂತ ಲೆಕ್ಕ ಇಟ್ಕೊಳ್ಳಿ. ಬೆನ್ನು ನೋವಿರೋರು ಪ್ಲಾ ಬುಕ್ ತಂಟೆಗೆ ಹೋಗ್ಬೇಡಿ, ಭಾವ ವಾಪಸ್ ಬರೋ ಫ್ಲೈಟಲ್ಲಿ ಸೊಂಟಕ್ಕೆ ದಿಂಬು ಕೊಟ್ಕೊಂಡೇ ಕೂತಿದ್ರು. ಗೈಡಿಗೆ ಐದು, ಮೀನು ನೋಡ್ಕೊಳೋ ರೀತಿಗೆ ನಾಲ್ಕೂವರೆ, ಊಟಕ್ಕೆ ನಾಲ್ಕು, ರೂಮಿಗೆ ಮೂರು, ಆಫೀಸಿಗೆ ಒಂದು, ಅದೂ ಅರ್ಧ ದುಡ್ಡು ಕಡಿಮೆ ಮಾಡಿದ್ದಕ್ಕೆ.

ಹೊರಡೋ ದಿನ ಬೆಳಿಗ್ಗೆ ದಡದಲ್ಲಿ ಒಂದು ಅರಪೈಮಾ ಹುರುಪೆ ಬಿದ್ದಿತ್ತು, ನಮ್ಮನೇವ್ಳ ಅಂಗೈಯಷ್ಟಿತ್ತು, ಒಂದು ಕಡೆ ನುಣುಪು ಇನ್ನೊಂದು ಕಡೆ ಉಪ್ಪುಕಾಗದ. ಅಮೆಜಾನಲ್ಲಿ ಇದರಲ್ಲಿ ಉಗುರು ಉಜ್ಜಿ ಸರಿ ಮಾಡ್ಕೊಳ್ತಾರೆ ಅಂದೆ. ಮನೆಗೆ ತಗೊಂಡು ಹೋಗೋಣ ಅಂದ್ಲು. ಸೈಟಿಸ್ ಅಂತ, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ, ಅದರ ಪಟ್ಟಿಯಲ್ಲಿರೋ ಮೀನು, ಪರ್ಮಿಟ್ ಇಲ್ದೆ ಅದರ ಚೂರು ತಗೊಂಡು ಗಡಿ ದಾಟೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಹಿಡಿದ್ರೆ ನಾನಂತೂ ಬಿಡಿಸೋಕೆ ಬರಲ್ಲ ಅಂದೆ. ಟ್ಯಾಕ್ಸಿ ಬರೋವರೆಗೂ ಮೆಟ್ಟಿಲ ಮೇಲೆ ಕೂತು ಹತ್ತೂ ಉಗುರು ಉಜ್ಜಿಕೊಂಡು, ಹುರುಪೆನ ಬಂಗಲೆ ಕಟ್ಟೆ ಮೇಲೇ ಇಟ್ಟು ಬಂದ್ಲು.